ನಾಲ್ಕನೇ ಗಾಡಿಯ ಬಿಲ್ಲೆ

ನಮ್ಮ ಶೆಡ್ಡಿನಲ್ಲಿ ಐದು ಗಾಡಿ, ಆರು ಜನ ಡ್ರೈವರುಗಳು, ಮೇಲೊಬ್ಬಳು ನಾನು. ಎದುರಿಗೆ ಸೂಪರ್‌ವೈಸರ್ ಮೇಡಂ ಎನ್ನುತ್ತಾರೆ. ಬೆನ್ನ ಹಿಂದೆ ಏನೆನ್ನುತ್ತಾರೋ ಅದೂ ನನಗೆ ಗೊತ್ತು. ನನ್ನ ಬಾಯಿ ಜೋರು, ಅದಕ್ಕೆ ತಕ್ಕ ಹೆಸರೇ ಇಟ್ಟಿದ್ದಾರೆ, ಬೇಜಾರೇನಿಲ್ಲ.

ಆಸ್ಪತ್ರೆಯೂ ಅದರ ಆವರಣದೊಳಗಿನ ನಮ್ಮ ಶೆಡ್ಡೂ ಇರುವುದು ಗುಡ್ಡದ ಮೇಲೆ. ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್‌ಗೆ ಬರಲೇಬೇಕಾದ ರೋಗಿಗಳನ್ನು ಮನೆಬಾಗಿಲಿನಿಂದ ಕರೆತಂದು, ಮುಗಿದ ಮೇಲೆ ಮನೆಗೆ ಬಿಟ್ಟು ಬರುವುದು ನಮ್ಮ ಕೆಲಸ. ಗೇಟು ದಾಟಿದರೆ ಸಾಕು, ಉದ್ದನೆಯ ಇಳಿಜಾರು. ಇಳಿಜಾರು ಮುಗಿಯುವಲ್ಲಿ ರಸ್ತೆ ತಟಕ್ಕನೆ ಎಡಕ್ಕೆ ಹೊರಳುತ್ತದೆ. ಅಲ್ಲಿ ಒಂದು ಬದಿಗೆ ಬಸ್ ಸ್ಟಾಪು, ಇನ್ನೊಂದು ಬದಿಗೆ ಆಳೆತ್ತರದ ಕಲ್ಲುಗೋಡೆ.

ನಾಲ್ಕನೇ ಗಾಡಿಯನ್ನು ಓಡಿಸುತ್ತಿದ್ದವನು ನನ್ನ ತಮ್ಮ. ಆ ಕೆಲಸ ಕೊಡಿಸಿದವಳೂ ನಾನೇ. ಎರಡು ವರ್ಷ ಚಿಕ್ಕವನು, ಎಡಗೈಯವನು, ಬರೆದರೆ ಅಕ್ಷರವೆಲ್ಲ ಎಡಕ್ಕೆ ವಾಲಿ ಬಿದ್ದುಬಿಡುವ ಹಾಗೆ ಬರೆಯುವವನು. ನಾವು ಓದಿದ ಶಾಲೆಯಲ್ಲಿ ಮೂರು ತರಗತಿಗಳಿಗೆ ಒಂದೇ ಕೋಣೆ ಇತ್ತು. ಮೇಷ್ಟ್ರು ಹೊರಗೆ ಹೋದಾಗ ಮಾತಾಡಿದವರ ಹೆಸರನ್ನು ಲೀಡರು ಬೋರ್ಡಿನ ಮೇಲೆ ಬರೆಯುತ್ತಿದ್ದ. ದಿನಾ ಮೊದಲ ಹೆಸರು ನನ್ನದೇ. ಮೇಷ್ಟ್ರ ಚಪ್ಪಲಿಯ ಸದ್ದು ಕೇಳಿದ ಕೂಡಲೇ ಇವನು ಎದ್ದು ಹೋಗಿ, ಅಂಗಿಯ ತೋಳಿನಿಂದ ನನ್ನ ಹೆಸರನ್ನು ಒರೆಸಿ ತನ್ನ ಹೆಸರು ಬರೆದು ಬರುತ್ತಿದ್ದ. ಪೆಟ್ಟು ಅವನಿಗೆ ಬೀಳುತ್ತಿತ್ತು. ನಾನು ಬಾಯಿ ಮುಚ್ಚಿಕೊಂಡು ಕೂತಿರುತ್ತಿದ್ದೆ. ಬಾಯಿ ಮುಚ್ಚಿಕೊಂಡು ಕೂರಲು ನನಗೂ ಬರುತ್ತದೆ ಎಂಬುದು ಶೆಡ್ಡಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಇನ್ನು ಬಿಲ್ಲೆಗಳ ವಿಷಯ. ನನ್ನ ಕೋಣೆಯ ಗೋಡೆಗೆ ಒಂದು ಮರದ ಹಲಗೆ, ಹಲಗೆಗೆ ಐದು ಮೊಳೆ, ಒಂದೊಂದು ಮೊಳೆಗೆ ಒಂದೊಂದು ತಗಡಿನ ಬಿಲ್ಲೆ. ಅಂಗೈಯಗಲದ ಬಿಲ್ಲೆ, ಒಂದು ಮುಖಕ್ಕೆ ಬಿಳಿ ಬಣ್ಣ, ಇನ್ನೊಂದಕ್ಕೆ ಕೆಂಪು. ಎರಡೂ ಕಡೆ ಗಾಡಿಯ ನಂಬರು. ಇದನ್ನು ಮಾಡಿದವನು ನಮ್ಮ ಹಳೆಯ ಮೆಕ್ಯಾನಿಕ್ಕು. ಅವನ ಕೈಯನ್ನು ಗ್ರೀಸ್ ಇಲ್ಲದೆ ನೋಡಿದವರು ಯಾರೂ ಇಲ್ಲದ್ದರಿಂದ ಎಲ್ಲರಿಗೂ ಅವನು ಗ್ರೀಸಜ್ಜ. ಬಿಲ್ಲೆಗೆ ಅವನು ಇಟ್ಟ ಕಟ್ಟಳೆ ಇಷ್ಟೇ: ಯಾವ ಗಾಡಿಯ ಸರ್ವಿಸಿನ ದಿನ ಬಂದಿದೆಯೆಂದು ಯಾರಿಗೆ ಮೊದಲು ಕಾಣುತ್ತದೋ ಅವರು ಬಿಲ್ಲೆಯನ್ನು ಕೆಂಪಿಗೆ ತಿರುಗಿಸಿ, ಅದರ ಮೇಲೆ ಸೀಮೆಸುಣ್ಣದಿಂದ ತಮ್ಮ ಹೆಸರು ಬರೆಯಬೇಕು. ಅಲ್ಲಿಂದಾಚೆಗೆ ಆ ಗಾಡಿ ಅವರ ಹೊಣೆ. ಬಿಲ್ಲೆ ಕೆಂಪಗಿರುವಷ್ಟು ದಿನ ಗಾಡಿ ಗೇಟು ದಾಟುವಂತಿಲ್ಲ. ಕೆಲಸ ಮುಗಿದಿದೆಯೆಂದು ಕಣ್ಣಾರೆ ನೋಡಿದ ಮೇಲೆ, ತಿರುಗಿಸಿದವರೇ ಹೆಸರು ಒರೆಸಿ ಬಿಳಿ ಮಾಡಬೇಕು. ಬೇರೆಯವರು ಮುಟ್ಟಕೂಡದು. ಮುಟ್ಟಿದರೆ ಹೊಣೆ ಮುಟ್ಟಿದವರದ್ದು.

ಅಜ್ಜನಿಗೆ ಇನ್ನೊಂದು ಅಭ್ಯಾಸವಿತ್ತು. ಯಾವ ಡ್ರೈವರಿಗಾದರೂ ಏನಾದರೂ ಹೇಳುವುದಿದ್ದರೆ ಮೂರು ದಿನ ಹೇಳುತ್ತಿದ್ದ. "ಮೂರು ಸಲ ಹೇಳ್ತೀನಪ್ಪ. ನಾಲ್ಕನೇ ಸಲ ನನ್ನ ಬಾಯಿ ಬರಲ್ಲ. ಆಮೇಲೆ ಅದು ನಿಂದು," ಎನ್ನುತ್ತಿದ್ದ. ಕನ್ನಡಕದ ಡ್ರೈವರಿಗೆ ಒಮ್ಮೆ ಟೈರು ಸವೆದಿದೆಯೆಂದು ಹಾಗೇ ಮೂರು ದಿನ ಹೇಳಿದ. ನಾಲ್ಕನೆಯ ದಿನ ಅಜ್ಜ ಅವನನ್ನು ನೋಡಿ ತಲೆಯಾಡಿಸಿ ಒಳಗೆ ಹೋದ. ಮಧ್ಯಾಹ್ನ ಕನ್ನಡಕದವನು ಸ್ಪ್ಯಾನರು ಹಿಡಿದುಕೊಂಡು ನಾಲ್ಕು ಕಿಲೋಮೀಟರು ನಡೆದು ಬಂದಿದ್ದ. ನಾವೆಲ್ಲ ಬಿದ್ದು ಬಿದ್ದು ನಕ್ಕಿದ್ದೆವು. ಅಜ್ಜ ಮಾತ್ರ ನಕ್ಕಿರಲಿಲ್ಲ.

ಅಜ್ಜ ಇದ್ದಷ್ಟು ದಿನ ಬಿಲ್ಲೆಗಳು ಸರಿಯಾಗಿಯೇ ತಿರುಗುತ್ತಿದ್ದವು. ಈಗ ಯೋಚಿಸಿದರೆ ಕಾರಣ ಸುಲಭ. ಎಲ್ಲವನ್ನೂ ತಿರುಗಿಸುತ್ತಿದ್ದವನು ಅವನೇ. ಒಂದು ಮಧ್ಯಾಹ್ನ ತನ್ನ ಕಬ್ಬಿಣದ ಸ್ಟೂಲಿನ ಮೇಲೆ ಗೋಡೆಗೊರಗಿ ಕೂತವನು ಹಾಗೇ ತೀರಿಕೊಂಡ. ನಿದ್ದೆ ಮಾಡುತ್ತಿದ್ದಾನೆಂದುಕೊಂಡು ಒಂದು ಗಂಟೆ ಹೊತ್ತು ನಾವೆಲ್ಲ ಮೆಲ್ಲಗೆ ಮಾತಾಡಿದ್ದೆವು.

ಅವನ ಜಾಗಕ್ಕೆ ಯಾರೂ ಬರಲಿಲ್ಲ. ಮ್ಯಾನೇಜರು ನಮ್ಮನ್ನೆಲ್ಲ ಕರೆದು, "ಹೊಸಬರು ಬರೋವರೆಗೆ ಎಲ್ಲರೂ ಸೇರಿ ನೋಡ್ಕೊಳ್ಳಿ," ಎಂದರು. ಎಲ್ಲರೂ ತಲೆಯಾಡಿಸಿದೆವು. ಅಂದಿನಿಂದ ಶೆಡ್ಡಿನಲ್ಲಿ ಒಂದು ಬಗೆಯ ಜಾಣಕುರುಡು ಶುರುವಾಯಿತು. ಕಂಡರೆ ತಾನೇ ತಿರುಗಿಸಬೇಕು, ತಿರುಗಿಸಿದರೆ ತಾನೇ ಹೆಸರು ಬರೆಯಬೇಕು! ಡ್ರೈವರುಗಳು ಕಿಲೋಮೀಟರು ತೋರಿಸುವ ಅಂಕಿಗಳ ಕಡೆ ನೋಡುವುದನ್ನೇ ಬಿಟ್ಟರು. ಸರ್ವಿಸ್ ಪುಸ್ತಕವಿದ್ದ ಡ್ರಾಯರನ್ನು ನಾನು ತೆರೆಯುವುದನ್ನು ಬಿಟ್ಟೆ. ಬೆಳಿಗ್ಗೆ ಎಂಟಕ್ಕೆ ಮ್ಯಾನೇಜರು ನನ್ನ ಕೋಣೆಯ ಗಾಜಿನಾಚೆಯಿಂದ ಹಲಗೆ ನೋಡಿ, "ಎಲ್ಲ ಬಿಳಿ, ಗುಡ್," ಎಂದು ಹೋಗುತ್ತಿದ್ದರು. ಎರಡೂವರೆ ತಿಂಗಳು ಹೀಗೇ ನಡೆಯಿತು. ಆ 'ಗುಡ್' ಕೇಳಿ ನನಗೆ ಹೆಮ್ಮೆಯಾಗುತ್ತಿತ್ತು ಎಂಬುದನ್ನೂ ಇಲ್ಲಿ ಬರೆದುಬಿಡುತ್ತೇನೆ.

ಅದು ಸೋಮವಾರ. ನನ್ನ ಕೋಣೆಗಿರುವುದು ಒಂದೇ ಬೀಗ, ಒಂದೇ ಬೀಗದ ಕೈ, ಅದು ಇರುವುದು ನನ್ನ ಚೀಲದಲ್ಲಿ. ಏಳೂವರೆಗೆ ಬೀಗಕ್ಕೆ ಕೈ ಹಾಕಿದಾಗ ಒಳಗಿನಿಂದ 'ಟಿಣ್' ಎಂದು ಸದ್ದು ಬಂತು. ಮೊಳೆಗೆ ನೇತುಹಾಕಿದ ಬಿಲ್ಲೆ ಹಲಗೆಗೆ ತಾಗಿದರೆ ಬರುವ ಸದ್ದು. ಬಾಗಿಲು ತೆರೆದೆ. ಒಂದು, ಎರಡು, ಮೂರು, ಐದು ಬಿಳಿ. ನಾಲ್ಕನೆಯದು ಕೆಂಪು. ಅದು ಇನ್ನೂ ಸಣ್ಣಗೆ ಅಲ್ಲಾಡುತ್ತಿತ್ತು. ಮೇಲೆ ಹೆಸರಿರಲಿಲ್ಲ.

ನನಗೆ ಮೊದಲು ಬಂದದ್ದು ಭಯವಲ್ಲ, ಸಿಟ್ಟು. ಎಲ್ಲರನ್ನೂ ಕರೆದು ಸಾಲಾಗಿ ನಿಲ್ಲಿಸಿದೆ.

"ಯಾರ ಕೈಚಳಕ ಇದು? ತಿರುಗಿಸೋಕೆ ಧೈರ್ಯ ಇದೆ, ಹೆಸರು ಬರೆಯೋಕೆ ಇಲ್ವಾ?"

"ಬೀಗದ ಕೈ ನಿಮ್ಮ ಹತ್ರ ಇರುತ್ತೆ ಮೇಡಂ," ಎಂದ ಕನ್ನಡಕದವನು, ಬಹಳ ವಿನಯದಿಂದ.

"ಗಾಡಿ ನಿಂದಲ್ವೇನೋ? ನೀನಾ?" ಎಂದು ತಮ್ಮನನ್ನು ಕೇಳಿದೆ.

"ನಾನ್ಯಾಕೆ ಕದ್ದು ತಿರುಗಿಸಲಿ ಅಕ್ಕಾ? ನಿಂಗೆ ಹೇಳಿದ್ರೆ ಆಯ್ತಲ್ಲ."

ಅವರನ್ನು ಕಳಿಸಿ ಸರ್ವಿಸ್ ಪುಸ್ತಕ ತೆಗೆದೆ. ನಾಲ್ಕನೇ ಗಾಡಿಯ ಬ್ರೇಕ್ ನೋಡಬೇಕಾದ ಲೆಕ್ಕ ದಾಟಿ ಮೂರು ಸಾವಿರ ಕಿಲೋಮೀಟರು ಮೀರಿಹೋಗಿತ್ತು. ಕೊನೆಯ ಸಾಲು ಅಜ್ಜನದು, ಗ್ರೀಸ್ ಬೆರಳಿನ ಗುರುತಿನ ಸಮೇತ. ಹೊರಗಿನಿಂದ ಬಂದುಹೋಗುವ ಮೆಕ್ಯಾನಿಕ್ಕಿಗೆ ಫೋನು ಮಾಡಿದೆ.

"ಶುಕ್ರವಾರ ಬರ್ತೀನಲ್ಲ ಮೇಡಂ, ಆಗ ನೋಡೋಣ. ಅರ್ಜೆಂಟು ಅಂದ್ರೆ ಚೀಟಿ ಬೇಕು, ಮ್ಯಾನೇಜರ್ ಸೈನ್ ಇರಬೇಕು. ಬಾಯಿಮಾತಿಗೆ ನಾನು ಗಾಡಿ ಮುಟ್ಟಲ್ಲ. ಗಾಡಿಗೆ ದಿಕ್ಕು ಯಾರು ಅಂತ ಮೊದಲು ನೀವು ತೀರ್ಮಾನ ಮಾಡಿಕೊಳ್ಳಿ."

ಮ್ಯಾನೇಜರ ಬಳಿ ಹೋದೆ.

"ಚೀಟಿ ಬರೆಯೋದು ಯಾರು? ಬಿಲ್ಲೆ ತಿರುಗಿಸಿದವರು," ಎಂದರು ಅವರು, ತಲೆಯೆತ್ತದೆ. "ಯಾರು ತಿರುಗಿಸಿದ್ದು?"

"ಗೊತ್ತಿಲ್ಲ ಸರ್."

"ಹಾಗಿದ್ರೆ ತಿರುಗೇ ಇಲ್ಲ ಅಂತ ಅರ್ಥ. ಗಾಡಿ ನಿಲ್ಲಿಸಿದ್ರೆ ಎಷ್ಟು ಪೇಶೆಂಟಿಗೆ ತೊಂದರೆ ಗೊತ್ತಲ್ಲ? ಮೊದಲು ಬೋರ್ಡ್ ಬಿಳಿ ಮಾಡಿ."

ಆಗಲೇ ಸೀಮೆಸುಣ್ಣ ತೆಗೆದು ನನ್ನ ಹೆಸರು ಬರೆಯಬಹುದಿತ್ತು. ಎರಡು ನಿಮಿಷದ ಕೆಲಸ. ಬರೆದಿದ್ದರೆ ಹದಿಮೂರು ರೋಗಿಗಳಿಗೆ ಬೇರೆ ಗಾಡಿ ಹೊಂದಿಸಬೇಕು, ಹದಿಮೂರು ಮನೆಗೆ ಫೋನು ಮಾಡಬೇಕು, ಹದಿಮೂರು ಜನರ ಬೈಗುಳ ಕೇಳಬೇಕು. ಹೆಸರಿಲ್ಲದ ಬಿಲ್ಲೆ ಯಾರದ್ದೂ ಅಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ತೆಗೆದು ಬಿಳಿಗೆ ತಿರುಗಿಸಿ ನೇತುಹಾಕಿದೆ. ತಗಡು ತಣ್ಣಗಿರಬೇಕಾದದ್ದು ಬೆಚ್ಚಗಿತ್ತು, ಈಗಷ್ಟೇ ಯಾರೋ ಅಂಗೈಯಲ್ಲಿ ಹಿಡಿದು ಬಿಟ್ಟ ಹಾಗೆ.

ಮಂಗಳವಾರ ಬೀಗಕ್ಕೆ ಕೈ ಹಾಕಿದರೆ ಮತ್ತೆ ಟಿಣ್. ಮತ್ತೆ ನಾಲ್ಕು ಕೆಂಪು. ಈ ಸಲ ನಾನು ಯಾರನ್ನೂ ಕರೆಯಲಿಲ್ಲ. ಕಿಟಕಿ ನೋಡಿದೆ, ಒಳಗಿನಿಂದ ಚಿಲಕ ಹಾಕಿತ್ತು. ಮೇಜಿನ ಕೆಳಗೆ, ಬೀರುವಿನ ಹಿಂದೆ, ಹಲ್ಲಿ ಓಡಿಸುವವರ ಹಾಗೆ ಬಗ್ಗಿ ನೋಡಿದೆ. ಯಾರೂ ಇಲ್ಲ. ಎಂಟಕ್ಕೆ ಇನ್ನು ಐದು ನಿಮಿಷವಿತ್ತು. ಬಿಳಿ ಮಾಡಿದೆ.

ಆ ಮಧ್ಯಾಹ್ನ ತಮ್ಮ ಟ್ರಿಪ್ ಹಾಳೆ ಕೊಡಲು ಬಂದವನು ಬಾಗಿಲಲ್ಲೇ ನಿಂತು ಹೇಳಿದ, "ಅಕ್ಕಾ, ಬ್ರೇಕ್ ಪೆಡಲ್ಲು ಈಗೀಗ ಸ್ವಲ್ಪ ಒಳಗೆ ಹೋಗ್ತಿದೆ. ಎರಡು ಸಲ ಒತ್ತಿದ್ರೆ ಸರಿಯಾಗುತ್ತೆ. ನಿನ್ನ ಗಮನದಲ್ಲಿದೆ ತಾನೆ?"

"ಇದೆ ಕಣೋ. ಶುಕ್ರವಾರ ಮೆಕ್ಯಾನಿಕ್ ಬರ್ತಾನೆ."

"ಸರಿ ಬಿಡು. ನೀನಿದ್ದೀಯಲ್ಲ, ನಾನ್ಯಾಕೆ ತಲೆ ಕೆಡಿಸಿಕೊಳ್ಳಲಿ?" ಎಂದು ನಕ್ಕು, ನನ್ನ ಮೇಜಿನ ಮೇಲಿದ್ದ ನೀರಿನ ಬಾಟಲಿ ಎತ್ತಿ ಅರ್ಧ ಖಾಲಿ ಮಾಡಿ, ತೋಳಿನಿಂದ ಬಾಯಿ ಒರೆಸಿಕೊಂಡು ಹೋದ. ಆ ಮಾತನ್ನು ಅವನು ನನ್ನನ್ನು ಹೊಗಳಲೆಂದು ಹೇಳಿದ್ದಲ್ಲ. ನಿಜವಾಗಿ ನಂಬಿ ಹೇಳಿದ್ದು.

ಬುಧವಾರ ಬೆಳಿಗ್ಗೆ ಸದ್ದಿರಲಿಲ್ಲ. ಐದೂ ಬಿಳಿ. ಎಲ್ಲ ನನ್ನ ಭ್ರಮೆಯಿರಬೇಕು, ಇಲ್ಲವೇ ಕಿಡಿಗೇಡಿಗೆ ಸಾಕಾಗಿರಬೇಕು ಎಂದುಕೊಂಡೆ. ಮಧ್ಯಾಹ್ನ ಒಂದೂವರೆಗೆ ಗಾಡಿಗಳೆಲ್ಲ ಶೆಡ್ಡಿನಲ್ಲಿದ್ದವು, ಡ್ರೈವರುಗಳು ಹಿಂದುಗಡೆ ಊಟಕ್ಕೆ ಕೂತಿದ್ದರು. ನಾನು ಬಾಗಿಲು ಹಾಕಿಕೊಂಡು ಡಬ್ಬಿ ಬಿಚ್ಚಿದೆ. ಹೊರಗೆ ಕಣ್ಣು ಕುಕ್ಕುವ ಬಿಸಿಲು, ಒಳಗೆ ಎದುರಿಗೇ ಹಲಗೆ. ಪೆನ್ನು ಮೇಜಿನಿಂದ ಉರುಳಿ ಕೆಳಗೆ ಬಿತ್ತು. ಬಗ್ಗಿ ಎತ್ತಿಕೊಂಡೆ. ಬಗ್ಗಿದ್ದಾಗಲೇ ಟಿಣ್.

ತಲೆಯೆತ್ತಿದಾಗ ನಾಲ್ಕು ಕೆಂಪಗಿತ್ತು.

ಫ್ಯಾನು ತಿರುಗುತ್ತಿತ್ತು ನಿಜ. ಫ್ಯಾನಿನ ಗಾಳಿ ಬಿಲ್ಲೆಯನ್ನು ಅಲ್ಲಾಡಿಸಬಹುದು. ಮೊಳೆಯಿಂದ ತೆಗೆದು, ಮಗುಚಿ, ಮತ್ತೆ ಮೊಳೆಗೆ ಸಿಕ್ಕಿಸಲಾರದು. ಹಲಗೆಯ ಕೆಳಗಿನ ಡಬ್ಬಿಯಲ್ಲಿ ಸೀಮೆಸುಣ್ಣದ ತುಂಡೊಂದು ಈ ಕಡೆಯಿಂದ ಆ ಕಡೆಗೆ ನಿಧಾನವಾಗಿ ಉರುಳಿತು. ತಗೋ, ಬರೆ ಎಂದು ಯಾರೋ ನನ್ನ ಕಡೆಗೆ ತಳ್ಳಿದ ಹಾಗಿತ್ತು. ಕೋಣೆಯಲ್ಲಿ ಗ್ರೀಸಿನ ವಾಸನೆ, ಜೊತೆಗೆ ಅಜ್ಜ ಕೈ ತೊಳೆಯುತ್ತಿದ್ದ ಒರಟು ಸಾಬೂನಿನ ವಾಸನೆ. ಆ ಸಾಬೂನನ್ನು ಅವನು ಹೋದ ಮೇಲೆ ಯಾರೂ ತಂದಿರಲಿಲ್ಲ.

ಎದ್ದು ಕಿಟಕಿಗೆ ಹೋದೆ. ನಾಲ್ಕನೇ ಗಾಡಿ ಎದುರಿಗೇ ನಿಂತಿತ್ತು. ಮುಂದಿನ ಚಕ್ರದ ಪಕ್ಕ ನೆಲದ ಮೇಲೆ ಅಂಗೈಯಗಲದ ಒದ್ದೆ. ಎ.ಸಿ.ಯ ನೀರು ಎಂದುಕೊಂಡೆ. ಆ ಗಾಡಿಯ ಎ.ಸಿ. ಕೆಟ್ಟು ಎರಡು ವರ್ಷವಾಗಿತ್ತು. ರಿಪೇರಿಯ ಅರ್ಜಿಯನ್ನು ಮೂರು ಸಲ ಬರೆದವಳೂ ನಾನೇ. ಆದರೂ ನೀರು ಎಂದೇ ಅಂದುಕೊಂಡೆ.

"ಅಜ್ಜಾ," ಎಂದೆ, ಖಾಲಿ ಕೋಣೆಗೆ. "ನಾಡಿದ್ದು ಶುಕ್ರವಾರ. ಮೆಕ್ಯಾನಿಕ್ ಬರ್ತಾನೆ. ಎರಡು ದಿನ ತಡ್ಕೋ. ನನ್ನ ಮರ್ಯಾದೆ ತೆಗೀಬೇಡ."

ಹಲಗೆಯ ಬಳಿ ಬಂದು ಬಿಲ್ಲೆಯನ್ನು ಬಿಳಿಗೆ ತಿರುಗಿಸಿದೆ. ಅಷ್ಟಾಗಿಯೂ ತಿರುಗಿಸಿದೆ. ಈಗ ನೆನೆಸಿಕೊಂಡರೆ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಗುರುವಾರ ಬೀಗದ ಮುಂದೆ ಒಂದು ಕ್ಷಣ ಉಸಿರು ಹಿಡಿದು ನಿಂತೆ. ಸದ್ದಿಲ್ಲ. ಬಾಗಿಲು ತೆರೆದೆ. ಐದೂ ಬಿಳಿ, ಒಂದೂ ಅಲ್ಲಾಡುತ್ತಿಲ್ಲ. ಗ್ರೀಸಿನ ವಾಸನೆಯೂ ಇಲ್ಲ. ಅಜ್ಜ ನನ್ನ ಮಾತು ಕೇಳಿದ ಎಂದು ಎಷ್ಟು ಹಗುರವಾಯಿತೆಂದರೆ ಕನ್ನಡಕದವನಿಗೂ ಬೈಯಲಿಲ್ಲ. ತಮ್ಮ ಬಂದು ಗಾಡಿಯ ಕೀ ತೆಗೆದುಕೊಂಡ. "ಏನಕ್ಕಾ, ಇವತ್ತು ಮುಖದಲ್ಲಿ ಕಳೆ ಇದೆ?" ಎಂದ. "ಹೋಗೋ ಹೋಗೋ, ಹೊತ್ತಾಯ್ತು," ಎಂದೆ. ಮ್ಯಾನೇಜರು ಗಾಜಿನಾಚೆಯಿಂದ, "ಎಲ್ಲ ಬಿಳಿ, ಗುಡ್," ಎಂದರು. ಟೀ ಬಂತು, ನಾಲ್ಕನೇ ಗಾಡಿ ಗೇಟಿನ ಕಡೆಗೆ ಹೊರಟಿತು.

ಲೋಟ ತುಟಿಗಿಟ್ಟಾಗ ಅಜ್ಜನ ಮಾತು ನೆನಪಾಯಿತು. ಸೋಮವಾರ ಒಂದು. ಮಂಗಳವಾರ ಎರಡು. ಬುಧವಾರ ಮೂರು. ಬಾಯಿ ಬರಲ್ಲ. ಆಮೇಲೆ ಅದು ನಿಂದು.

ಫೋನು ಮಾಡಿದೆ. ರಿಂಗಾಯಿತು, ರಿಂಗಾಗುತ್ತಲೇ ಇತ್ತು. ಗಾಡಿ ಓಡಿಸುವಾಗ ಫೋನು ಮುಟ್ಟಿದರೆ ಕೆಲಸದಿಂದ ತೆಗೆಸುತ್ತೇನೆ ಎಂದು ಎಲ್ಲರಿಗೂ ಹೆದರಿಸಿಟ್ಟಿದ್ದವಳು ನಾನು. ಆ ಆರು ಜನರಲ್ಲಿ ಆ ಮಾತನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದವನು ಒಬ್ಬನೇ. ಚಪ್ಪಲಿ ಬಿಟ್ಟು ಗೇಟಿನ ಕಡೆಗೆ ಓಡಿದೆ. ಇಳಿಜಾರಿನ ಉದ್ದಕ್ಕೂ ಹಾರನ್ನಿನ ಸದ್ದು ಒಂದೇ ಸಮನೆ ಕೆಳಕ್ಕೆ ಹೋಗುತ್ತಿತ್ತು. ಆಮೇಲೆ ಅದು ನಿಂತಿತು.

ಮೊದಲ ರೋಗಿಯನ್ನು ಹತ್ತಿಸಿಕೊಳ್ಳಲು ಹೊರಟಿದ್ದರಿಂದ ಗಾಡಿಯಲ್ಲಿ ಅವನೊಬ್ಬನೇ ಇದ್ದ. ಬಸ್ ಸ್ಟಾಪಿನಲ್ಲಿ ಹನ್ನೊಂದು ಜನ ನಿಂತಿದ್ದರಂತೆ. ಅವರಲ್ಲಿ ಒಬ್ಬ ಹೆಂಗಸು ಆಮೇಲೆ ನನ್ನ ಕೈ ಹಿಡಿದುಕೊಂಡು ಹೇಳಿದಳು, "ನಮ್ಮ ಕಡೆ ಬರ್ತಿದ್ದ ಗಾಡೀನ ಬೇಕಂತಲೇ ಗೋಡೆ ಕಡೆಗೆ ತಿರುಗಿಸಿದ ಕಣಮ್ಮ ಆ ಪುಣ್ಯಾತ್ಮ." ನನ್ನ ತಮ್ಮನ ಪೆಡಲ್ಲು ಆ ದಿನ ಎರಡು ಸಲ ಒತ್ತಿದರೂ ಸರಿಯಾಗಿರಲಿಲ್ಲ.

ಹದಿನೈದು ದಿನಕ್ಕೆ ಮುಖ್ಯ ಕಚೇರಿಯಿಂದ ಮೂವರು ವಿಚಾರಣೆಗೆ ಬಂದು ಮೇಲಿನ ಮಹಡಿಯ ಕೋಣೆಯಲ್ಲಿ ಕೂತರು. ಒಬ್ಬೊಬ್ಬರನ್ನೂ ಕರೆದು ಕೇಳಿದ್ದು ಒಂದೇ ಪ್ರಶ್ನೆ: ಗಾಡಿಯ ಸರ್ವಿಸ್ ಹೊತ್ತಿಗೆ ಸರಿಯಾಗಿ ಆಗುವಂತೆ ನೋಡಿಕೊಳ್ಳುವುದು ಯಾರ ಹೊಣೆ? ಡ್ರೈವರುಗಳು ಆಫೀಸಿನದು ಎಂದರು. ಮೆಕ್ಯಾನಿಕ್ಕು ಚೀಟಿ ಬಂದಿರಲಿಲ್ಲ ಎಂದ. ಮ್ಯಾನೇಜರು, ಎಲ್ಲರಿಗೂ ಹೇಳಿದ್ದೆ, ಬೇಕಾದರೆ ಕೇಳಿ ಎಂದರು. ನನ್ನ ಸರದಿ ಬಂದಾಗ, "ಬಿಲ್ಲೆ ಬಿಳಿಯಿತ್ತು," ಎಂದೆ. ಸುಳ್ಳಲ್ಲ. ಅದಕ್ಕಿಂತ ದೊಡ್ಡ ಸುಳ್ಳನ್ನು ನಾನು ಬದುಕಿನಲ್ಲಿ ಹೇಳಿಲ್ಲ.

ಸೋಮವಾರ ವರದಿ ತಯಾರಾಯಿತು. ಹೊರಡುವ ಮುನ್ನ ವಾಹನ ಪರೀಕ್ಷಿಸಿಕೊಳ್ಳದ ಚಾಲಕನ ನಿರ್ಲಕ್ಷ್ಯವೇ ಅಪಘಾತಕ್ಕೆ ಕಾರಣ ಎಂದು ಬರೆದಿತ್ತು. ಉಳಿದವರೆಲ್ಲ ಸಹಿ ಹಾಕಿದ್ದರು. ಕೊನೆಯ ಗೆರೆಯ ಕೆಳಗೆ ನನ್ನ ಹುದ್ದೆ ಟೈಪಾಗಿತ್ತು. "ಮೇಡಂ, ನೀವು ದುಃಖದಲ್ಲಿದ್ದೀರಿ, ಅವಸರ ಇಲ್ಲ. ಶುಕ್ರವಾರ ಬಂದು ಸಹಿ ಮಾಡಿ," ಎಂದರು ಆ ಮೂವರಲ್ಲಿ ಹಿರಿಯರು. ಒಳ್ಳೆಯ ಮನುಷ್ಯ.

ವರದಿಯ ಸುದ್ದಿ ತಮ್ಮನ ಮನೆಗೆ ನನಗಿಂತ ಮೊದಲೇ ಹೋಗಿತ್ತು. ಸಂಜೆ ಅಲ್ಲಿಗೆ ಹೋದಾಗ ಅವನ ಹೆಂಡತಿ ಅಡುಗೆಮನೆಯ ಹೊಸ್ತಿಲಲ್ಲಿ ಕೂತಿದ್ದಳು. ಅಳುತ್ತಿರಲಿಲ್ಲ. "ಅಕ್ಕಾ, ಒಂದು ಕೇಳ್ಲಾ? ಇವರು ನೋಡಿಕೊಳ್ಳದೇ ಗಾಡಿ ತೆಗೆದ್ರಾ? ಅಷ್ಟು ಬೇಜವಾಬ್ದಾರಿ ಮನುಷ್ಯನಾ ನನ್ನ ಗಂಡ?" ಎಂದಳು. ಅವಳು ನನ್ನ ಉತ್ತರಕ್ಕೆ ಕಾಯುತ್ತಿದ್ದಳು. ಶಾಲೆಯ ಕೋಣೆಯಲ್ಲಿ ಕೂತ ಹಾಗೆ ಕೂತಿದ್ದೆ.

ಅಲ್ಲಿಂದ ಎದ್ದವಳು ಮನೆಗೆ ಹೋಗದೆ ಶೆಡ್ಡಿಗೆ ಬಂದೆ. ಇನ್ನೂ ಬೆಳಕಿತ್ತು. ನಾಲ್ಕನೇ ಗಾಡಿಯ ಜಾಗ ಖಾಲಿಯಿತ್ತು, ಬಿಲ್ಲೆ ಮಾತ್ರ ಅದೇ ಮೊಳೆಯ ಮೇಲೆ ಬಿಳಿಯಾಗಿ ನೇತಾಡುತ್ತಿತ್ತು. ತೆಗೆದು ಕೆಂಪಿಗೆ ತಿರುಗಿಸಿದೆ. ಸೀಮೆಸುಣ್ಣದಿಂದ ನನ್ನ ಹೆಸರು ಬರೆದೆ, ದಪ್ಪಗೆ, ದೂರದಿಂದ ಕಾಣುವ ಹಾಗೆ. ಅದನ್ನು ಆ ಮೂವರ ಮುಂದೆ ಹೇಳುವ ಎದೆಗಾರಿಕೆ ನನಗಿನ್ನೂ ಬಂದಿರಲಿಲ್ಲ. ಬಿಲ್ಲೆಯ ಮುಂದೆ ಹೇಳಿದೆ, ಅಷ್ಟೇ. ಬೀಗ ಹಾಕಿ ಬಂದೆ.

ಮಂಗಳವಾರ ಬೆಳಿಗ್ಗೆ ಬೀಗಕ್ಕೆ ಕೈ ಹಾಕಿದಾಗ ಟಿಣ್.

ಬಿಲ್ಲೆ ಬಿಳಿಯಾಗಿತ್ತು. ಮೊಳೆಯಿಂದ ತೆಗೆದು ಮಗುಚಿ ನೋಡಿದೆ. ಕೆಂಪಿನ ಮೇಲೆ ನನ್ನ ಹೆಸರಿರಲಿಲ್ಲ. ಬಟ್ಟೆಯಿಂದ ಒರೆಸಿದ ಗುರುತಿತ್ತು, ಡಸ್ಟರಿನಿಂದ ನೇರಕ್ಕೆ ಒರೆಸಿದ್ದಲ್ಲ, ತೋಳನ್ನು ಗುಂಡಗೆ ತಿರುವಿ ಒರೆಸಿದ್ದು. ಆ ಬಿಳಿಯ ಮಬ್ಬಿನ ಮೇಲೆ ಇನ್ನೊಂದು ಹೆಸರು. ಅಕ್ಷರಗಳು ಎಡಕ್ಕೆ ವಾಲಿದ್ದವು.

ಇದು ಅಜ್ಜನಲ್ಲ.

ನೆಲದ ಮೇಲೆ ಕೂತುಬಿಟ್ಟೆ. ಭಯಕ್ಕೋ ದುಃಖಕ್ಕೋ ಗೊತ್ತಾಗಲಿಲ್ಲ. ಸೆರಗು ಬಾಯಿಗೆ ತುರುಕಿಕೊಂಡು ಅತ್ತೆ. ಆಮೇಲೆ ಎದ್ದು ಅವನ ಹೆಸರನ್ನು ಒರೆಸಿ, ನನ್ನದನ್ನು ಬರೆದು, ಕೆಂಪು ಮಾಡಿ ನೇತುಹಾಕಿದೆ. "ನಿಂಗೇನಾಗಿದ್ಯೋ? ಸತ್ತ ಮೇಲೂ ಬುದ್ಧಿ ಬರಲ್ವಾ ನಿಂಗೆ?" ಎಂದು ಖಾಲಿ ಕೋಣೆಯಲ್ಲಿ ಬೈದೆ. ಗಾಜಿನಾಚೆ ಕನ್ನಡಕದವನು ನಿಂತು ನೋಡುತ್ತಿದ್ದ.

ಬುಧವಾರ ಮತ್ತೆ ಟಿಣ್. ಮತ್ತೆ ಬಿಳಿ, ಹಿಂದೆ ಮತ್ತೆ ವಾಲಿದ ಅಕ್ಷರಗಳು. ಮತ್ತೆ ಒರೆಸಿ ಬರೆದೆ. ಈ ಸಲ ಬೈಯಲಿಲ್ಲ.

ಗುರುವಾರವೂ ಹಾಗೇ ಆಯಿತು. ಮೂರನೆಯ ಸಲ ಅವನ ಹೆಸರನ್ನು ಒರೆಸುವಾಗ ತಗಡು ಬೆಚ್ಚಗಿತ್ತು. ಒಂದು ಮಾತು ಹೇಳಿಬಿಡುತ್ತೇನೆ. ಆಗ ನನ್ನ ಮನಸ್ಸಿನ ಒಂದು ಮೂಲೆ, ಅವನು ದಿನಾ ಹೀಗೇ ಒರೆಸುತ್ತಿರಲಿ ಎಂದು ಬೇಡಿಕೊಳ್ಳುತ್ತಿತ್ತು. ಅವನು ಒರೆಸುತ್ತಿದ್ದರೆ ನಾನು ಮೇಲೆ ಹೋಗಿ ಸಹಿ ಹಾಕಬಹುದು. ಅವನೇ ಬೇಡವೆಂದ, ನಾನೇನು ಮಾಡಲಿ ಎನ್ನಬಹುದು. ಅವನಿದ್ದಾನಲ್ಲ ಎಂದು ನಾನೂ ತಲೆ ಕೆಡಿಸಿಕೊಳ್ಳದೆ ಇರಬಹುದು.

ಶುಕ್ರವಾರ ಬೀಗದ ಮುಂದೆ ಕಿವಿಯಿಟ್ಟು ನಿಂತೆ. ಸದ್ದಿಲ್ಲ. ಬೀಗ ತೆರೆದೆ, ಬಾಗಿಲು ತಳ್ಳಿದೆ.

ನಾಲ್ಕನೇ ಬಿಲ್ಲೆ ಕೆಂಪಗಿತ್ತು. ಮೇಲೆ ನನ್ನ ಹೆಸರು ನಾನು ಬರೆದ ಹಾಗೇ ಇತ್ತು. ಒಂದು ಗೆರೆಯೂ ಅಳಿಸಿರಲಿಲ್ಲ. ಕೋಣೆಯಲ್ಲಿ ಯಾರೂ ಇರಲಿಲ್ಲ. ಇಷ್ಟು ದಿನ ಯಾರೋ ಇದ್ದರು ಎಂಬುದು ಆಗ ನನಗೆ ಸರಿಯಾಗಿ ತಿಳಿಯಿತು.

ಬಿಲ್ಲೆಯನ್ನು ಮೊಳೆಯಿಂದ ತೆಗೆದೆ. ತಗಡು ತಣ್ಣಗೆ ಕೊರೆಯುತ್ತಿತ್ತು. ಹೆಸರು ಅಳಿಸದ ಹಾಗೆ ಅಂಚಿನಲ್ಲಿ ಹಿಡಿದುಕೊಂಡು ಮೆಟ್ಟಿಲು ಹತ್ತಿದೆ. ಮೂವರೂ ಕೂತಿದ್ದರು, ವರದಿ ಮೇಜಿನ ಮೇಲಿತ್ತು, ಪಕ್ಕದಲ್ಲಿ ಮುಚ್ಚಳ ತೆಗೆದಿಟ್ಟ ಪೆನ್ನು. ನಾನು ಪೆನ್ನು ಮುಟ್ಟಲಿಲ್ಲ. ಬಿಲ್ಲೆಯನ್ನು ವರದಿಯ ಮೇಲೆ, ನನ್ನ ಸಹಿಯ ಜಾಗದಲ್ಲಿ, ಕೆಂಪು ಮೇಲೆ ಮಾಡಿ ಇಟ್ಟೆ.

ಹಿರಿಯರು ಕನ್ನಡಕ ಸರಿಮಾಡಿಕೊಂಡು ಅದನ್ನು ಓದಿದರು. ಆಮೇಲೆ ನನ್ನ ಮುಖ ನೋಡಿದರು.

"ಅಪಘಾತಕ್ಕೆ ಮೊದಲು ಇದು ಕೆಂಪಗಿತ್ತಾ?"

"ಮೂರು ಸಲ ಇತ್ತು ಸರ್."

"ಬಿಳಿ ಮಾಡಿದ್ದು ಯಾರು?"

"ನಾನು," ಎಂದೆ.